ಹ್ಯಾಂಪ್ಡೆನ್ ಮಗ್ಗುಲಿನ ಚಿಕ್ಕ ಅಂಗಳ: ಫುಟ್‌ಬಾಲ್ ಕ್ಲಬ್‌ಗಳು ಸಣ್ಣ ಕ್ರೀಡಾಂಗಣಕ್ಕೆ ಹೋಗಬೇಕೇ?

ಗ್ಲಾಸ್ಗೋ ನಗರದ ದಕ್ಷಿಣ ಭಾಗದಲ್ಲಿರುವ ಹ್ಯಾಂಪ್ಡೆನ್ ಪಾರ್ಕ್ ಕ್ರೀಡಾಂಗಣದ ಪಶ್ಚಿಮ ಸ್ಟ್ಯಾಂಡಿನ ಬೆನ್ನಿಗೇ ಇನ್ನೊಂದು ಪುಟ್ಟ ಫುಟ್‌ಬಾಲ್ ಮೈದಾನವಿದೆ. ಅದರ ಹೆಸರು ಲೆಸ್ಸರ್ ಹ್ಯಾಂಪ್ಡೆನ್. ದೊಡ್ಡದರಲ್ಲಿ ಸುಮಾರು 52,000 ಆಸನಗಳಿವೆ. ಚಿಕ್ಕದರಲ್ಲಿ ಸಾವಿರ ಮಂದಿ ಸೇರಿದರೆ ಹೆಚ್ಚು. ಈ ಎರಡೂ ಅಂಗಳಗಳು ದಶಕಗಳ ಕಾಲ ಒಂದೇ ಕ್ಲಬ್ಬಿನ ಆಸ್ತಿಯಾಗಿದ್ದವು. ಆ ಕ್ಲಬ್ 1867ರಲ್ಲಿ ಹುಟ್ಟಿದ, ಸ್ಕಾಟ್ಲೆಂಡಿನ ಅತ್ಯಂತ ಹಳೆಯ ಫುಟ್‌ಬಾಲ್ ಸಂಸ್ಥೆಯಾದ ಕ್ವೀನ್ಸ್ ಪಾರ್ಕ್. ರಾಷ್ಟ್ರೀಯ ತಂಡವೇ ಆಡುವಂಥ ಕ್ರೀಡಾಂಗಣದ ಒಡೆತನವಿದ್ದರೂ ಅದರ ಸಾಮಾನ್ಯ ಲೀಗ್ ಪಂದ್ಯಗಳಿಗೆ ಬರುತ್ತಿದ್ದವರು ಬಹಳ ವರ್ಷ ಕೆಲವು ನೂರು ಮಂದಿ ಮಾತ್ರ.

ತನ್ನ ಜನರಿಗಿಂತ ಬಹಳ ದೊಡ್ಡದಾದ ಅಂಗಳವನ್ನು ಬಿಟ್ಟು ಒಂದು ಕ್ಲಬ್ ಸಣ್ಣದಕ್ಕೆ ಹೋಗಬೇಕೇ ಎಂಬ ಪ್ರಶ್ನೆ ಕ್ವೀನ್ಸ್ ಪಾರ್ಕಿಗೆ ಮಾತ್ರ ಎದುರಾದದ್ದಲ್ಲ. ಟುರಿನ್, ಮ್ಯೂನಿಕ್, ಡಾರ್ಲಿಂಗ್‌ಟನ್, ಕೊವೆಂಟ್ರಿಗಳಲ್ಲಿ ಇದು ಬೇರೆ ಬೇರೆ ರೂಪದಲ್ಲಿ ಎದ್ದಿದೆ ಮತ್ತು ಬೇರೆ ಬೇರೆ ಫಲ ಕೊಟ್ಟಿದೆ. ಈ ಅನುಭವಗಳನ್ನು ಜೊತೆಗಿಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಆಸನಗಳ ಸಂಖ್ಯೆಯ ಸುತ್ತಲೇ ವಾದ ನಡೆಯುತ್ತದೆ, ಆದರೆ ಗೆಲುವು ಸೋಲನ್ನು ನಿರ್ಧರಿಸುವುದು ಅಂಗಳದ ಒಡೆತನ ಯಾರ ಕೈಯಲ್ಲಿದೆ ಮತ್ತು ಅದು ಕ್ಲಬ್ಬಿನ ಜನರಿಂದ ಎಷ್ಟು ದೂರದಲ್ಲಿದೆ ಎಂಬುದು.

ಅಷ್ಟು ದೊಡ್ಡ ಅಂಗಳಗಳು ಹುಟ್ಟಿದ್ದಾದರೂ ಹೇಗೆ ಎಂಬುದನ್ನು ಮೊದಲು ನೋಡಬೇಕು. 1872ರ ನವೆಂಬರ್ 30ರಂದು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ನಡೆದ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಹನ್ನೊಂದೂ ಆಟಗಾರರು ಕ್ವೀನ್ಸ್ ಪಾರ್ಕಿನವರೇ ಆಗಿದ್ದರು. ಆಗ ಈ ಕ್ಲಬ್ಬೆಂದರೆ ಸ್ಕಾಟಿಷ್ ಫುಟ್‌ಬಾಲ್ ಎಂದೇ ಅರ್ಥ. ಹ್ಯಾಂಪ್ಡೆನ್ ಎಂಬ ಹೆಸರಿನ ಎರಡು ಮೈದಾನಗಳು ಸಾಲದಾದ ಮೇಲೆ ಮೂರನೆಯದನ್ನು, ಅಂದರೆ ಇಂದಿನದನ್ನು, 1903ರ ಅಕ್ಟೋಬರ್ 31ರಂದು ಸೆಲ್ಟಿಕ್ ವಿರುದ್ಧದ ಪಂದ್ಯದೊಂದಿಗೆ ತೆರೆಯಲಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಅದೇ ನಗರದ ಐಬ್ರಾಕ್ಸ್‌ನಲ್ಲಿ ಮರದ ಅಟ್ಟಣೆ ಕುಸಿದು 25 ಜನ ಸತ್ತಿದ್ದರು. ಹ್ಯಾಂಪ್ಡೆನ್ನಿನಲ್ಲಿ ಪ್ರೇಕ್ಷಕರು ನಿಲ್ಲಲು ಮಣ್ಣಿನ ಇಳಿಜಾರನ್ನೇ ಆಧಾರ ಮಾಡಿಕೊಳ್ಳಲಾಯಿತು. ನಿಂತು ನೋಡುವ ಆ ಕಾಲದಲ್ಲಿ ಜಾಗ ಹೆಚ್ಚಿಸುವುದೆಂದರೆ ದಿಬ್ಬವನ್ನು ಇನ್ನಷ್ಟು ಎತ್ತರಿಸಿ ಮೆಟ್ಟಿಲು ಮಾಡುವುದು. ಅದಕ್ಕೆ ತಗಲುತ್ತಿದ್ದ ಖರ್ಚು ಒಂದೆರಡು ದೊಡ್ಡ ಪಂದ್ಯಗಳ ಗೇಟಿನ ಹಣದಲ್ಲಿ ಹುಟ್ಟುತ್ತಿತ್ತು. ವರ್ಷವಿಡೀ ಖಾಲಿ ಬಿದ್ದರೂ ಆ ದಿಬ್ಬ ಯಾರಿಂದಲೂ ಏನನ್ನೂ ಬೇಡುತ್ತಿರಲಿಲ್ಲ. 1950ರಲ್ಲಿ ಬ್ರೆಜಿಲ್‌ನ ಮರಕಾನಾ ತಲೆ ಎತ್ತುವವರೆಗೆ ಹ್ಯಾಂಪ್ಡೆನ್ ಜಗತ್ತಿನ ಅತಿ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣವಾಗಿತ್ತು. 1937ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಪಂದ್ಯಕ್ಕೆ ಸೇರಿದ್ದವರ ಅಧಿಕೃತ ಸಂಖ್ಯೆ 1,49,415.

ಆ ದೊಡ್ಡಸ್ತಿಕೆ ಆಗ ಕ್ಲಬ್ಬಿಗೂ ಒಪ್ಪುತ್ತಿತ್ತು ಎಂಬುದನ್ನು ಇಂದಿನ ಟೀಕಾಕಾರರು ಮರೆಯುತ್ತಾರೆ. 1930ರ ಜನವರಿಯಲ್ಲಿ ರೇಂಜರ್ಸ್ ವಿರುದ್ಧದ ಕಪ್ ಪಂದ್ಯಕ್ಕೆ ಕ್ವೀನ್ಸ್ ಪಾರ್ಕಿನ ಅಂಗಳಕ್ಕೆ 95,772 ಜನ ಬಂದಿದ್ದರು. ಆದರೆ ಒಳಗಿನಿಂದ ಬಲ ಆಗಲೇ ಕುಂದುತ್ತಿತ್ತು. ಆಟಗಾರರಿಗೆ ಸಂಬಳ ಕೊಡುವುದನ್ನು ಸ್ಕಾಟ್ಲೆಂಡ್ 1893ರಲ್ಲಿ ಒಪ್ಪಿಕೊಂಡಿತು. ಹವ್ಯಾಸಿ ತತ್ವಕ್ಕೆ ಬದ್ಧವಾಗಿದ್ದ ಕ್ವೀನ್ಸ್ ಪಾರ್ಕ್ ಒಪ್ಪಲಿಲ್ಲ. ಅದು ತನ್ನ ಹತ್ತನೆಯ ಮತ್ತು ಕೊನೆಯ ಸ್ಕಾಟಿಷ್ ಕಪ್ ಗೆದ್ದದ್ದೂ ಅದೇ 1893ರಲ್ಲಿ. ಮುಂದೆ ಆಟದಲ್ಲಿ ಹಿಂದೆ ಬೀಳುತ್ತ ಹೋದರೂ ಕ್ಲಬ್ ಬದುಕಿ ಉಳಿದದ್ದು ಕಪ್ ಫೈನಲ್‌ಗಳಿಗೆ ಮತ್ತು ರಾಷ್ಟ್ರೀಯ ಪಂದ್ಯಗಳಿಗೆ ಅಂಗಳವನ್ನು ಬಾಡಿಗೆಗೆ ಕೊಟ್ಟು. ತನ್ನ ಆಟ ನೋಡಲು ಬರುವವರಿಂದಲ್ಲ, ಬೇರೆಯವರ ಆಟ ನೋಡಲು ಬರುವವರಿಂದ ಒಂದು ಕ್ಲಬ್ ನಡೆಯತೊಡಗಿತು.

ಲೆಕ್ಕ ತಲೆಕೆಳಗಾದದ್ದು ಆಸನಗಳು ಬಂದ ಮೇಲೆ. 1989ರ ಏಪ್ರಿಲ್‌ನಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನಡೆದ ನೂಕುನುಗ್ಗಲಿಗೆ ಒಟ್ಟು 97 ಜನ ಬಲಿಯಾದರು. ಅದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರು 1990ರಲ್ಲಿ ಕೊಟ್ಟ ವರದಿಯ ನಂತರ ಬ್ರಿಟನ್ನಿನ ದೊಡ್ಡ ಕ್ರೀಡಾಂಗಣಗಳೆಲ್ಲ ಆಸನಗಳ ಕ್ರೀಡಾಂಗಣಗಳಾದವು. ನಿಲ್ಲುವವನಿಗಿಂತ ಕೂರುವವನಿಗೆ ಹೆಚ್ಚು ಜಾಗ ಬೇಕಾದುದರಿಂದ ಎಲ್ಲೆಡೆ ಸಾಮರ್ಥ್ಯ ಕುಗ್ಗಿತು. ಅದಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಜಾಗಕ್ಕೂ ಚಾವಣಿ, ಕಾಂಕ್ರೀಟು, ದುರಸ್ತಿ, ವಿಮೆ ಎಂದು ಖರ್ಚು ಬೀಳತೊಡಗಿತು. ಹ್ಯಾಂಪ್ಡೆನ್ 1999ರಲ್ಲಿ ಪುನರ್ನಿರ್ಮಾಣ ಮುಗಿಸಿ ಇಂದಿನ ರೂಪಕ್ಕೆ ಬಂದಾಗ ಅದು ಸುಸಜ್ಜಿತವಾಗಿತ್ತು, ಸುರಕ್ಷಿತವಾಗಿತ್ತು, ಆದರೆ ಸಂಬಳವಿಲ್ಲದ ಆಟಗಾರರ ಒಂದು ಕ್ಲಬ್ ನಡೆಸಬಲ್ಲಂಥದ್ದಾಗಿರಲಿಲ್ಲ.

ಖಾಲಿ ಆಸನ ಒಂದು ಕ್ಲಬ್ಬಿಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲೀಗಿನ ಕೆಳ ಹಂತದ ಪಂದ್ಯದ ದಿನ ಹ್ಯಾಂಪ್ಡೆನ್ನಿನಲ್ಲಿ ಒಂದು ಸ್ಟ್ಯಾಂಡಿಗಷ್ಟೇ ಜನ. ಹಳೆಯ ಅಂಡಾಕಾರವನ್ನೇ ಉಳಿಸಿಕೊಂಡ ಕಟ್ಟಡವಾದ್ದರಿಂದ ಗೋಲಿನ ಹಿಂದಿನ ಮೊದಲ ಸಾಲು ಕೂಡ ಗೆರೆಯಿಂದ ಬಹಳ ದೂರವಿದೆ; ಹೊರಗೆ ಹೋದ ಚೆಂಡು ಖಾಲಿ ಕುರ್ಚಿಗಳಿಗೆ ಬಡಿದ ಸದ್ದು, ಗೋಲ್‌ಕೀಪರ್ ತನ್ನ ರಕ್ಷಣಾ ಆಟಗಾರನನ್ನು ಹೆಸರು ಹಿಡಿದು ಕೂಗುವುದು, ಎರಡೂ ಸ್ಪಷ್ಟವಾಗಿ ಕೇಳುತ್ತವೆ. ಇದು ಬರೀ ಮುಜುಗರದ ಮಾತಲ್ಲ. ಯಾವಾಗ ಹೋದರೂ ಟಿಕೆಟ್ ಸಿಗುತ್ತದೆ ಎಂದು ಗೊತ್ತಿರುವ ಅಭಿಮಾನಿ ಸೀಸನ್ ಟಿಕೆಟ್ ಕೊಳ್ಳುವುದಿಲ್ಲ. ಹವಾಮಾನ ನೋಡಿ, ಎದುರಾಳಿ ಯಾರೆಂದು ನೋಡಿ ಪಂದ್ಯದ ದಿನ ಬೆಳಗ್ಗೆ ನಿರ್ಧರಿಸುತ್ತಾನೆ. ಋತು ಆರಂಭವಾಗುವ ಮೊದಲೇ ಬರಬೇಕಾದ ಹಣ ಬರುವುದಿಲ್ಲ, ಆಟಗಾರರ ಒಪ್ಪಂದಗಳು ಅಂದಾಜಿನ ಮೇಲೆ ನಡೆಯುತ್ತವೆ. ಕಾವಲು ಸಿಬ್ಬಂದಿ, ದೀಪ, ಸ್ವಚ್ಛತೆ, ಸುರಕ್ಷತಾ ಪ್ರಮಾಣಪತ್ರಗಳ ಖರ್ಚಾದರೋ ಜನ ಕಡಿಮೆಯಾದಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

2000ದಿಂದ ಹ್ಯಾಂಪ್ಡೆನ್ ಅನ್ನು ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆಯೇ ಗುತ್ತಿಗೆಗೆ ಪಡೆದು ನಡೆಸುತ್ತಿತ್ತು. 2020ರಲ್ಲಿ ಆ ಗುತ್ತಿಗೆ ಮುಗಿಯುವ ಹೊತ್ತಿಗೆ ರಾಷ್ಟ್ರೀಯ ಪಂದ್ಯಗಳನ್ನು ಎಡಿನ್‌ಬರೋದ ರಗ್ಬಿ ಕ್ರೀಡಾಂಗಣ ಮರ್ರೀಫೀಲ್ಡಿಗೆ ಒಯ್ಯಬೇಕೇ ಎಂಬ ಚರ್ಚೆ ಎದ್ದಿತು. ಹಾಗಾಗಿದ್ದರೆ ಕ್ವೀನ್ಸ್ ಪಾರ್ಕ್ ಬಾಡಿಗೆದಾರನಿಲ್ಲದ ಬಿಳಿಯಾನೆಯೊಂದಿಗೆ ಉಳಿಯುತ್ತಿತ್ತು. ಕೊನೆಗೆ 2018ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆಯು 50 ಲಕ್ಷ ಪೌಂಡ್‌ಗೆ ಹ್ಯಾಂಪ್ಡೆನ್ ಕೊಳ್ಳಲು ಒಪ್ಪಿತು. ಆ ಮೊತ್ತ ಕೂಡಿಸಲು ಖಾಸಗಿ ದಾನಿಗಳು ನೆರವಾಗಬೇಕಾಯಿತು. ರಾಷ್ಟ್ರೀಯ ಕ್ರೀಡಾಂಗಣವೊಂದಕ್ಕೆ ಅದು ಬಹಳ ಕಡಿಮೆ ಬೆಲೆ ಎಂದು ಮರುಗಿದವರಿದ್ದಾರೆ. ಆದರೆ ಕೊಳ್ಳುವವರು ಒಬ್ಬರೇ ಇದ್ದಾಗ, ಅವರಿಗೂ ಬೇರೆ ದಾರಿ ಇದ್ದಾಗ, ಬೆಲೆ ಹೇಳುವ ಬಲ ಮಾರುವವನ ಕೈಯಲ್ಲಿರುವುದಿಲ್ಲ. ಮರುವರ್ಷ, 2019ರ ನವೆಂಬರ್‌ನಲ್ಲಿ, ಕ್ಲಬ್ಬಿನ ಸದಸ್ಯರು ಭಾರೀ ಬಹುಮತದಿಂದ ಹವ್ಯಾಸಿ ನಿಯಮವನ್ನೂ ಕೈಬಿಟ್ಟರು.

ಮಾರಾಟದ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ತಪ್ಪಿದ್ದು ಕ್ರಮದಲ್ಲಿ. 1924ರಿಂದ ಮೀಸಲು ತಂಡ ಮತ್ತು ಕಿರಿಯರ ತಂಡಗಳು ಆಡುತ್ತಿದ್ದ ಲೆಸ್ಸರ್ ಹ್ಯಾಂಪ್ಡೆನ್ ಅನ್ನು ಲೀಗ್ ಪಂದ್ಯಗಳಿಗೆ ಸಜ್ಜುಗೊಳಿಸುವ ಕಾಮಗಾರಿ ಎಣಿಸಿದಷ್ಟು ಬೇಗ ಮುಗಿಯಲಿಲ್ಲ. ಸಂಬಳದ ಆಟಗಾರರನ್ನು ಪಡೆದ ತಂಡ ಮಾತ್ರ ಮೇಲೆ ಮೇಲೆ ಏರುತ್ತ 2022ರಲ್ಲಿ ಎರಡನೆಯ ಶ್ರೇಣಿ ತಲುಪಿತು. ಮೇಲಿನ ಶ್ರೇಣಿಗೆ ಹೋದಂತೆಲ್ಲ ಮೈದಾನದ ಮಾನದಂಡಗಳೂ ಬಿಗಿಯಾಗುತ್ತವೆ. ಕೆಲಕಾಲ ಪಾರ್ಟಿಕ್ ಥಿಸಲ್ ಕ್ಲಬ್ಬಿನ ಫರ್‌ಹಿಲ್‌ನಲ್ಲಿ, 2022–23ರಲ್ಲಿ ಗ್ಲಾಸ್ಗೋದಿಂದಲೇ ಹೊರಗಿರುವ ಸ್ಟೆನ್‌ಹೌಸ್‌ಮ್ಯೂರ್ ಕ್ಲಬ್ಬಿನ ಆಕಿಲ್‌ವ್ಯೂನಲ್ಲಿ ಆಡಿ, ಮುಂದಿನ ಋತುವಿಗೆ ಕ್ವೀನ್ಸ್ ಪಾರ್ಕ್ ಹ್ಯಾಂಪ್ಡೆನ್ನಿಗೇ ಮರಳಿತು, ಈ ಬಾರಿ ಬಾಡಿಗೆದಾರನಾಗಿ. 2023ರ ಮೇ ತಿಂಗಳಲ್ಲಿ ಡಂಡೀ ವಿರುದ್ಧ ಚಾಂಪಿಯನ್‌ಷಿಪ್ ನಿರ್ಣಯಿಸಿದ ಪಂದ್ಯವನ್ನು, ಕ್ಲಬ್ಬಿನ ಇತ್ತೀಚಿನ ದಶಕಗಳಲ್ಲೇ ಅತಿ ದೊಡ್ಡ ಲೀಗ್ ಪಂದ್ಯವನ್ನು, ಅದು ಎರವಲು ಅಂಗಳದಲ್ಲಿ ಆಡಿ 5–3ರಿಂದ ಸೋತಿತು. ಹೊಸ ಮನೆ ಸಿದ್ಧವಾಗುವ ಮೊದಲು ಹಳೆಯದನ್ನು ಬಿಟ್ಟುಕೊಟ್ಟದ್ದರ ಬೆಲೆಯನ್ನು ತೆತ್ತವರು ಮುಖ್ಯವಾಗಿ ಅಭಿಮಾನಿಗಳು.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪಿಗೆ ಉತ್ತರ ಇಂಗ್ಲೆಂಡಿನ ಡಾರ್ಲಿಂಗ್‌ಟನ್ನಿಗಿಂತ ಸ್ಪಷ್ಟ ಉದಾಹರಣೆ ಸಿಗಲಾರದು. 1883ರಿಂದ ಪಟ್ಟಣದ ನಡುವಿನ ಫೀದಮ್ಸ್ ಮೈದಾನದಲ್ಲಿ ಆಡುತ್ತಿದ್ದ ಕ್ಲಬ್ಬನ್ನು ಆಗಿನ ಮಾಲೀಕ ಜಾರ್ಜ್ ರೆನಾಲ್ಡ್ಸ್ 2003ರಲ್ಲಿ ಊರಂಚಿನ 25,000 ಆಸನಗಳ ಹೊಸ ಕ್ರೀಡಾಂಗಣಕ್ಕೆ ಒಯ್ದರು. ಕ್ಲಬ್ ಆಗ ಲೀಗಿನ ನಾಲ್ಕನೆಯ ಶ್ರೇಣಿಯಲ್ಲಿತ್ತು. ಉದ್ಘಾಟನೆಯ ಪಂದ್ಯಕ್ಕೆ 11,600 ಜನ ಬಂದರು; ಅಷ್ಟು ಜನ ಅಲ್ಲಿ ಕ್ಲಬ್ಬಿನ ಪಂದ್ಯಕ್ಕೆ ಮತ್ತೆ ಸೇರಲೇ ಇಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ಲಬ್ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2009ರಲ್ಲಿ ಮತ್ತೆ, 2012ರಲ್ಲಿ ಇನ್ನೊಮ್ಮೆ. ಮೂರನೆಯ ಬಾರಿ ಅಭಿಮಾನಿಗಳೇ ಅದನ್ನು ಮರಳಿ ಕಟ್ಟಿ, ನಾಲ್ಕು ಹಂತ ಕೆಳಗಿನಿಂದ, ನೆರೆಯ ಬಿಷಪ್ ಆಕ್‌ಲೆಂಡಿನಲ್ಲಿ ಆಡಿಸಿದರು. ಮೇಲಕ್ಕೇರುತ್ತ 2016ರಲ್ಲಿ ಸ್ವಂತ ಪಟ್ಟಣದ ರಗ್ಬಿ ಮೈದಾನವೊಂದಕ್ಕೆ ಮರಳಿದಾಗ ಇನ್ನೊಂದು ಪಾಠ ಕಾದಿತ್ತು: 2017ರಲ್ಲಿ ತಂಡ ಬಡ್ತಿಯ ಪ್ಲೇ-ಆಫ್ ಸ್ಥಾನದಲ್ಲಿ ಋತು ಮುಗಿಸಿತು, ಆದರೆ ನಿಯಮದಷ್ಟು ಆಸನಗಳಿಲ್ಲವೆಂದು ಅದಕ್ಕೆ ಆಡುವ ಅವಕಾಶ ಸಿಗಲಿಲ್ಲ. 25,000 ಆಸನಗಳ ಭಾರಕ್ಕೆ ಕುಸಿದ ಅದೇ ಕ್ಲಬ್ಬನ್ನು ಕೆಲವು ನೂರು ಆಸನಗಳ ಕೊರತೆ ತಡೆದು ನಿಲ್ಲಿಸಿತು. ಚಿಕ್ಕದು ಒಳ್ಳೆಯದು ಎಂದು ಸಲೀಸಾಗಿ ಹೇಳುವವರು ಇದನ್ನು ನೆನಪಿಡಬೇಕು.

ಸಣ್ಣ ಅಂಗಳಕ್ಕೆ ಹೋಗುವುದು ಶಿಕ್ಷೆಯೂ ಆಗಬಲ್ಲದು. 32,000ಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣದಲ್ಲಿ ಬಾಡಿಗೆಗೆ ಆಡುತ್ತಿದ್ದ ಕೊವೆಂಟ್ರಿ ಸಿಟಿ, ಬಾಡಿಗೆಯ ವ್ಯಾಜ್ಯ ಬಿಗಡಾಯಿಸಿ 2013–14ರ ಋತುವನ್ನು ಬೇರೆ ಊರಾದ ನಾರ್ಥಾಂಪ್ಟನ್ನಿನ ಸಿಕ್ಸ್‌ಫೀಲ್ಡ್ಸ್‌ನಲ್ಲಿ ಕಳೆಯಿತು. ಅದು ಎಂಟು ಸಾವಿರ ಜನರನ್ನೂ ಹಿಡಿಸದ ಅಂಗಳ, ಅದೂ ತುಂಬಲಿಲ್ಲ. ಆಡಳಿತಕ್ಕೆ ಹಣ ಕೊಡಲೊಪ್ಪದ ಅಭಿಮಾನಿಗಳು ಕ್ರೀಡಾಂಗಣದ ಹೊರಗಿನ ಗುಡ್ಡದ ಮೇಲೆ ನಿಂತು, ಕಂಡಷ್ಟು ಮೈದಾನದಲ್ಲಿ ತಮ್ಮ ತಂಡವನ್ನು ನೋಡಿದರು. 2014ರ ಸೆಪ್ಟೆಂಬರ್‌ನಲ್ಲಿ ಕ್ಲಬ್ ತನ್ನ ಊರಿಗೆ ಮರಳಿತು.

ಯೋಜನೆ ಮಾಡಿ, ಹಣ ಹೊಂದಿಸಿ, ತಾನಾಗಿ ಕುಗ್ಗಿದ ಕ್ಲಬ್ ಎಂದರೆ ಟುರಿನ್ನಿನ ಯುವೆಂಟಸ್. 1990ರ ವಿಶ್ವಕಪ್‌ಗೆಂದು ಕಟ್ಟಿದ ಡೆಲ್ಲೆ ಆಲ್ಪಿ ಸುಮಾರು 69,000 ಜನರನ್ನು ಹಿಡಿಸುತ್ತಿತ್ತು. ಅದರ ಸುತ್ತ ಓಟದ ಟ್ರ್ಯಾಕ್ ಇತ್ತು, ಪ್ರೇಕ್ಷಕರಿಗೆ ಆಟ ದೂರವಾಗಿತ್ತು, ಒಡೆತನ ನಗರಸಭೆಯದು. ಇಟಲಿಯಲ್ಲೇ ಅತಿ ಹೆಚ್ಚು ಅಭಿಮಾನಿಗಳುಳ್ಳ ಕ್ಲಬ್ಬಿನ ಕೆಲವು ಕಪ್ ಪಂದ್ಯಗಳಿಗೆ ಬೆರಳೆಣಿಕೆಯ ನೂರುಗಳಷ್ಟು ಜನ ಬಂದದ್ದುಂಟು. ಕ್ಲಬ್ ಮೊದಲು ಆ ಜಾಗದ ದೀರ್ಘಾವಧಿ ಹಕ್ಕನ್ನು ನಗರದಿಂದ ಪಡೆಯಿತು. 2006ರಿಂದ ಐದು ಋತು ನಗರದ ಇನ್ನೊಂದು ಸಣ್ಣ ಕ್ರೀಡಾಂಗಣದಲ್ಲಿ ಆಡುತ್ತ ಹಳೆಯದನ್ನು ಕೆಡವಿತು. ಅದೇ ಜಾಗದಲ್ಲಿ 41,000 ಆಸನಗಳ ಹೊಸದನ್ನು ಕಟ್ಟಿ 2011ರ ಸೆಪ್ಟೆಂಬರ್ 8ರಂದು ತೆರೆಯಿತು. ಮೊದಲ ಸಾಲು ಗೆರೆಯಿಂದ ಏಳೂವರೆ ಮೀಟರ್ ದೂರದಲ್ಲಷ್ಟೇ ಇದೆ. ಆ ಋತುವಿನಿಂದಲೇ ಸತತ ಒಂಬತ್ತು ಲೀಗ್ ಪ್ರಶಸ್ತಿಗಳು ಬಂದವು. ಪ್ರಶಸ್ತಿಗಳನ್ನು ಕಟ್ಟಡ ಗೆದ್ದುಕೊಡುವುದಿಲ್ಲ, ಆಟಗಾರರು ಗೆಲ್ಲುತ್ತಾರೆ. ಆದರೆ ಪಂದ್ಯದ ದಿನದ ಆದಾಯವೆಲ್ಲ ಕ್ಲಬ್ಬಿನ ಖಾತೆಗೇ ಬರುವಂತಾದದ್ದು ಅಂಥ ಆಟಗಾರರನ್ನು ಉಳಿಸಿಕೊಳ್ಳಲು ನೆರವಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಬಾರ್ಸಿಲೋನಾದ ಒಲಿಂಪಿಕ್ ಕ್ರೀಡಾಂಗಣದಲ್ಲಿ 12 ವರ್ಷ ಆಡಿ 2009ರಲ್ಲಿ ಸುಮಾರು 40,000 ಆಸನಗಳ ಸ್ವಂತದ್ದಕ್ಕೆ ಹೋದ ಎಸ್ಪಾನ್ಯೋಲ್ ಕೂಡ ಇದೇ ಹಾದಿ ಹಿಡಿದಿತ್ತು. 74,000 ಆಸನಗಳ ಒಲಿಂಪಿಕ್ ಕ್ರೀಡಾಂಗಣದಲ್ಲಿ ಬಾಡಿಗೆಗಿರುವ ಬರ್ಲಿನ್ನಿನ ಹೆರ್ಟಾ ಕ್ಲಬ್ ಅದನ್ನೇ ಬಯಸಿ, ಜಾಗದ ಪ್ರಶ್ನೆಯಲ್ಲಿ ಸಿಲುಕಿಕೊಂಡಿತು.

ಮ್ಯೂನಿಕ್‌ನ ‘1860’ ಎಂಬ ಹೆಸರಿನ ಕ್ಲಬ್ಬಿನ ಕಥೆ ಇವೆಲ್ಲಕ್ಕಿಂತ ಜಟಿಲ. 1966ರಲ್ಲಿ ಜರ್ಮನಿಯ ಚಾಂಪಿಯನ್ ಆದಾಗ ಅದರ ಮನೆ ಗೀಸಿಂಗ್ ಬಡಾವಣೆಯ ಗ್ರುನ್‌ವಾಲ್ಡರ್ ಕ್ರೀಡಾಂಗಣ. 2005ರಲ್ಲಿ ಅದೇ ನಗರದ ಎದುರಾಳಿ ಕ್ಲಬ್ ಬಯೆರ್ನ್ ಜೊತೆ ಸಮಪಾಲಿನಲ್ಲಿ ಬೃಹತ್ ಅಲಿಯಾನ್ಸ್ ಅರೆನಾ ತೆರೆದ 1860, ಹಣದ ಮುಗ್ಗಟ್ಟಿನಿಂದ ಮರುವರ್ಷವೇ ತನ್ನ ಅರ್ಧ ಪಾಲನ್ನು 1.1 ಕೋಟಿ ಯೂರೋಗೆ ಬಯೆರ್ನ್‌ಗೆ ಮಾರಿ, ಎದುರಾಳಿಯ ಮನೆಯಲ್ಲಿ ಬಾಡಿಗೆದಾರನಾಯಿತು. 2017ರಲ್ಲಿ ಎರಡನೆಯ ಶ್ರೇಣಿಯಿಂದ ಬಿದ್ದು, ಮೂರನೆಯದರ ಪರವಾನಗಿಗೆ ಬೇಕಾದ ಹಣವೂ ಹುಟ್ಟದೆ ನಾಲ್ಕನೆಯದಕ್ಕೆ ಇಳಿದಾಗ ಅರೆನಾದ ಸಂಬಂಧ ಕಡಿಯಿತು. ವರ್ಷಗಳಿಂದ ಅಭಿಮಾನಿಗಳು ಕೇಳುತ್ತಿದ್ದ ಗ್ರುನ್‌ವಾಲ್ಡರ್ ವಾಪಸಾತಿ ಹೀಗೆ ಕುಸಿತದ ನಡುವೆ ಒದಗಿ ಬಂತು. ನಾಲ್ಕನೆಯ ಶ್ರೇಣಿಯ ಪಂದ್ಯಗಳಿಗೂ ಟಿಕೆಟ್ ಸಿಗದಷ್ಟು ಜನ ಬಂದರು, ಒಂದೇ ಋತುವಿನಲ್ಲಿ ತಂಡ ಒಂದು ಹಂತ ಮೇಲೇರಿತು. ಆದರೆ ಅಲ್ಲಿಗೆ ಹಿಡಿಸುವುದು 15,000 ಜನ ಮಾತ್ರ, ಅವರಲ್ಲಿ ಹೆಚ್ಚಿನವರು ಕಡಿಮೆ ದರದಲ್ಲಿ ನಿಂತು ನೋಡುವವರು. ಅಷ್ಟರಲ್ಲಿ ಎರಡನೆಯ ಶ್ರೇಣಿಯ ಖರ್ಚನ್ನು ಹೊರುವುದು ಕಷ್ಟ ಎಂದು ಲೆಕ್ಕ ಬಲ್ಲವರು ಎಚ್ಚರಿಸುತ್ತಲೇ ಇದ್ದಾರೆ. ಹೀಗಾಗಿ ಅಲ್ಲಿ ಚರ್ಚೆ ಈಗ ತಿರುಗಿ ನಿಂತಿದೆ: ಸಣ್ಣದಕ್ಕೆ ಹೋಗಬೇಕೇ ಎಂಬುದು ಮುಗಿದು, ಸಣ್ಣದನ್ನು ಎಷ್ಟು ದೊಡ್ಡದು ಮಾಡಬಹುದು ಎಂಬುದು ಶುರುವಾಗಿದೆ. ಸುಮಾರು 18,000 ಜನರಿಗೆ ವಿಸ್ತರಿಸುವ ಯೋಜನೆಯೊಂದು ನಗರಾಡಳಿತದ ಮುಂದೆ ಬಂದಿತ್ತು. ಅಂಗಳ ನಗರದ್ದಾದುದರಿಂದ, ಸುತ್ತ ಮನೆಗಳಿರುವುದರಿಂದ, ಅದರ ಮಿತಿಯನ್ನು ನಿಗದಿ ಮಾಡುವ ಅಧಿಕಾರ ಕ್ಲಬ್ಬಿಗಿಲ್ಲ. ಬಾಡಿಗೆ ಎಷ್ಟು, ಸೇರಬಹುದಾದ ಜನ ಎಷ್ಟು, ಕಾಮಗಾರಿಯ ಹಣ ಯಾರದು ಎಂಬ ಮೂರನ್ನೂ ಅದು ನಗರದೊಂದಿಗೆ ಮಾತಾಡಿಯೇ ಪಡೆಯಬೇಕು.