ಆ ಸಿಲಿಂಡರಿನಲ್ಲಿ ಇರುವುದು ಹೀಲಿಯಂ ಹೌದೇ?

‘ವಾರ್ಷಿಕೋತ್ಸವಕ್ಕೆ ಐನೂರು ಹೀಲಿಯಂ ಬಲೂನು ಹಾರಿಬಿಡಬೇಕು. ಯಾರ ಅನುಮತಿ ಪಡೆಯಬೇಕು ಸರ್?’ ಎಂದು ಬೆಂಗಳೂರಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಫೋನಿನಲ್ಲಿ ಕೇಳಿದರು. ಅನುಮತಿ ಆಮೇಲೆ, ಮೊದಲು ಸಿಲಿಂಡರ್ ತೋರಿಸಿ ಮೇಡಂ ಎಂದೆ. ಅನಿಲ ಸುರಕ್ಷತೆಯ ಕೆಲಸದಲ್ಲಿರುವ ನನಗೆ ಮೇಲೆ ಹೋಗುವ ಬಲೂನಿಗಿಂತ ಕೆಳಗೆ ಉಳಿಯುವ ಸಿಲಿಂಡರಿನದೇ ಹೆಚ್ಚು ಭಯ.

ಬಲೂನಿನವನು ಅದನ್ನು ಅಡುಗೆಮನೆಯ ಗೋಡೆಗೆ ಒರಗಿಸಿದ್ದ. ಸರಪಳಿ ಇರಲಿಲ್ಲ. ಮೈಗೆಲ್ಲ ಕಂದು ಬಣ್ಣ; ಹೀಲಿಯಂಗೆ ಗೊತ್ತುಮಾಡಿರುವ ಬಣ್ಣವೇ. ಆದರೆ ಕುತ್ತಿಗೆಯ ಬಳಿ ಚಕ್ಕೆ ಎದ್ದು ಒಳಗಿನ ಕೆಂಪು ಇಣುಕುತ್ತಿತ್ತು. ಕೆಂಪು ಹೈಡ್ರೋಜನ್ನಿನದು. ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು, ಆದ್ದರಿಂದ ವಾಲ್ವ್ ನೋಡಬೇಕು. ಹೊತ್ತಿಕೊಳ್ಳುವ ಅನಿಲಕ್ಕೆ ಎಡ ಥ್ರೆಡ್, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯುವ ಸುತ್ತು; ನಟ್ಟಿನ ಮೂಲೆಗಳಲ್ಲಿ ಸಣ್ಣ ಗೀರು. ಜೊತೆಗಿದ್ದ ಹುಡುಗ ನಟ್ಟು ಬಿಗಿಯಲು ಸ್ಪ್ಯಾನರನ್ನು ಎಡಕ್ಕೆ ತಿರುಗಿಸುತ್ತಿದ್ದ. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು.

ಎತ್ತುವ ಶಕ್ತಿಯಲ್ಲಿ ಎರಡಕ್ಕೂ ಅಂಥ ಅಂತರವಿಲ್ಲ, ಎರಡೂ ಲೀಟರಿಗೆ ಸುಮಾರು 1 ಗ್ರಾಂ ಎತ್ತುತ್ತವೆ. ಅಂತರವಿರುವುದು ಬೆಲೆಯಲ್ಲಿ, ಹೀಲಿಯಂ ಹೊರದೇಶದಿಂದ ಬರಬೇಕು. ಹೈಡ್ರೋಜನ್ ಅಗ್ಗ, ಆದರೆ ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಎಷ್ಟು ಬೆರೆತರೂ ಕಿಡಿಗೆ ಕಾಯುತ್ತಿರುತ್ತದೆ. 2020ರಲ್ಲಿ ಚೆನ್ನೈನ ಸಮಾರಂಭವೊಂದರಲ್ಲಿ ಪಟಾಕಿಯ ಕಿಡಿ ತಗುಲಿ ಬಲೂನುಗಳ ಗೊಂಚಲು ಬೆಂಕಿಯುಂಡೆಯಾದ ವಿಡಿಯೊ ನೆನಪಿರಬಹುದು. ಹೀಲಿಯಂ ಹಾಗೆ ಉರಿಯಲಾರದು. ಒಂದು ಅನಿಲದ ಸಿಲಿಂಡರಿಗೆ ಇನ್ನೊಂದನ್ನು ತುಂಬಲು ಗ್ಯಾಸ್ ಸಿಲಿಂಡರ್ ನಿಯಮ 2016ರ ಪ್ರಕಾರ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪೆಸೊ ಸಂಸ್ಥೆಯ ಒಪ್ಪಿಗೆ ಬೇಕು. ಬಣ್ಣದ ಡಬ್ಬಿ ಸಾಲದು.

ಇನ್ನು ಅನುಮತಿ. ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಜಕ್ಕೂರು, ಯಲಹಂಕ ವಾಯುನೆಲೆ ಎಂದು ಎಣಿಸಿದರೆ ಬೆಂಗಳೂರಿನಲ್ಲಿ ಎಲ್ಲಿ ನಿಂತರೂ ಯಾವುದಾದರೊಂದು ರನ್‌ವೇ ದೂರವಲ್ಲ. ಜಾಗ, ಸಮಯ, ಬಲೂನಿನ ಸಂಖ್ಯೆ ಬರೆದು ವಾಯು ಸಂಚಾರ ನಿಯಂತ್ರಣಕ್ಕೂ ಪೊಲೀಸ್ ಠಾಣೆಗೂ ಮೊದಲೇ ಪತ್ರ ಕೊಡಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಲೋಹದ ಲೇಪವಿರುವ ಬಲೂನಂತೂ ಬೇಡವೇ ಬೇಡ, ವಿದ್ಯುತ್ ತಂತಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಗೆ 2022ರ ಜುಲೈ 1ರಿಂದಲೇ ನಿಷೇಧವಿದೆ. ಹಾರಿಬಿಡುವ ಬದಲು ಭಾರ ಕಟ್ಟಿ ನಿಲ್ಲಿಸಿ ಎನ್ನುವುದೇ ನನ್ನ ಸಲಹೆ. ಅಮೆರಿಕದ ಫ್ಲಾರಿಡಾದಲ್ಲಿ 2024ರಿಂದ ಬೇಕೆಂದು ಹಾರಿಬಿಡುವುದಕ್ಕೇ ನಿಷೇಧವಿದೆ.

ಬಲೂನಿನವನು ಜಗಳವಾಡಲಿಲ್ಲ. ಸಿಲಿಂಡರನ್ನು ಗಾಡಿಗೆ ಏರಿಸುತ್ತಾ, ‘ಹೀಲಿಯಂ ದರ ಹೇಳಿದರೆ ಯಾರೂ ಮತ್ತೆ ಫೋನ್ ಮಾಡುವುದಿಲ್ಲ ಸಾರ್’ ಎಂದ.