ಶೇಡ್ ಕಾರ್ಡ್ ನೋಡಿ ಮನಸ್ಸಿಗೆ ಶಾಂತಿ ಹುಡುಕಬೇಡಿ

"ಬೆಡ್‌ರೂಮಿಗೆ ನೀಲಿ ಹೊಡೆದ್ರೆ ಮನಸ್ಸು ತಂಪಾಗ್ತದಂತೆ ಅಲ್ವಾ?" ಅಂತ ಕೇಳದ ಕ್ಲೈಂಟ್ ಈಗ ಸಿಗುದೇ ಕಷ್ಟ. ಮೊಬೈಲಲ್ಲಿ ಯಾರದ್ದೋ ಮನೆ ಫೋಟೋ, ಕೈಯಲ್ಲಿ ಪೇಂಟಿನ ಬಣ್ಣಗಳ ಮಾದರಿ ಇರುವ ಶೇಡ್ ಕಾರ್ಡ್, ಬಣ್ಣ ಆಗ್ಲೇ ಫಿಕ್ಸ್. ಮಾರಾಯ್ರೆ, ಆ ಫೋಟೋದ ರೂಮಿಗೆ ಎಂತ ಬೆಳಕು ಬರ್ತಿತ್ತು ಅಂತ ಯಾರೂ ಕೇಳುದಿಲ್ಲ.

ಬಣ್ಣದಿಂದ ಮೂಡ್ ಬದಲಾಗುದೇ ಇಲ್ಲ ಅಂತ ನಾನು ಹೇಳುದಿಲ್ಲ, ಆದ್ರೆ ಇಂಥ ಬಣ್ಣಕ್ಕೆ ಇಂಥ ಮೂಡ್ ಅಂತ ಪಟ್ಟಿ ಕೊಡ್ಲಿಕ್ಕೆ ಆಗುದಿಲ್ಲ. 1979ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನೌಕಾದಳದ ಜೈಲಿನ ಸೆಲ್ಲಿಗೆ ಗುಲಾಬಿ ಬಣ್ಣ ಹೊಡೆದು ಕೈದಿಗಳ ಸಿಟ್ಟು ಇಳೀತು ಅಂತ ದೊಡ್ಡ ಸುದ್ದಿ ಆಗಿತ್ತು, ಆಮೇಲೆ ಬೇರೆಯವರು ಪರೀಕ್ಷೆ ಮಾಡಿದಾಗ ಆ ಪರಿಣಾಮ ಕಾಣ್ಲೇ ಇಲ್ಲ.

ನಾನು ಹೇಳಿ ಹೇಳಿ ಸೋತದ್ದು ಒಂದೇ ವಿಷಯ, ಬೆಳಕು ನೋಡದೆ ಬಣ್ಣ ಆರಿಸ್ಬೇಡಿ. ಕಾರ್ಡಲ್ಲಿ ಇರುದು ಬೆರಳಗಲದ ಚೂರು, ಸುತ್ತ ಬಿಳಿ ಕಾಗದ. ರೂಮಲ್ಲಿ ನಾಲ್ಕೂ ಗೋಡೆ ಅದೇ ಬಣ್ಣ ಆದಾಗ ಒಂದು ಗೋಡೆಯ ಬೆಳಕು ಇನ್ನೊಂದಕ್ಕೆ ಬಡಿದು ಬಣ್ಣ ಮತ್ತೂ ದಟ್ಟ ಆಗ್ತದೆ. ಅದರ ಮೇಲೆ ನಮ್ಮ ಮಳೆಗಾಲ, ಏಪ್ರಿಲ್ ಬಿಸಿಲಲ್ಲಿ ತಂಪು ಅನಿಸಿದ ನೀಲಿ ಜುಲೈಯ ಮೋಡದಲ್ಲಿ ಬೂದಿ ಬೂದಿ ಕಾಣ್ತದೆ, ಸಾಲದ್ದಕ್ಕೆ ಮೇಲಿಂದ 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟು (ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಹೆಚ್ಚಾದಷ್ಟು ಬೆಳಕು ನೀಲಿ ಕಡೆಗೆ, ಕಡಿಮೆ ಆದಷ್ಟು ಹಳದಿ ಕಡೆಗೆ).

ಮಂಗಳೂರಿನ ಬಿಜೈಯ ಒಂದು ಫ್ಲಾಟಲ್ಲಿ ಅಮ್ಮನ ರೂಮಿಗೆ ಮಗ ಪ್ರೀತಿಯಿಂದಲೇ ಗ್ರೇ ಕಲರ್ ಹೊಡೆಸಿದ್ರು. ಉತ್ತರದ ರೂಮು, ಕಿಟಕಿಯ ಎದುರು ಪಕ್ಕದ ಬಿಲ್ಡಿಂಗು. ಅಮ್ಮ ಮಲಗ್ಲಿಕ್ಕೆ ಬಿಟ್ರೆ ಅಲ್ಲಿಗೆ ಹೋಗುದೇ ಇಲ್ಲ, ಇಡೀ ದಿನ ಅಡುಗೆಮನೆ ಬಾಗಿಲ ಹತ್ರ ಕುರ್ಚಿ ಹಾಕಿ ಕೂತ್ಕೊಳ್ಳುದು. "ಅಲ್ಲಿ ಯಾವಾಗ್ಲೂ ಮುಸ್ಸಂಜೆ ಮಗಾ" ಅಂದ್ರು ನನ್ನತ್ರ. ಅವರು ಬೆಳೆದದ್ದು ಸುಣ್ಣದ ಗೋಡೆ, ರೆಡ್ ಆಕ್ಸೈಡ್ ನೆಲದ ಹಂಚಿನ ಮನೆಯಲ್ಲಿ, ಅಲ್ಲಿ ಬಿಸಿಲು ನೆಲಕ್ಕೆ ಬಿದ್ದು ಗೋಡೆಗೂ ಸ್ವಲ್ಪ ಕೆಂಪು ಹತ್ತುದು ಉಂಟಲ್ಲ, ಅದು ಈ ಬಿಳಿ ಟೈಲ್ಸಲ್ಲಿ ಎಲ್ಲಿಂದ ಬರ್ಬೇಕು? ಕೆನೆಬಣ್ಣ ಹೊಡೆಸಿ 2700 ಕೆಲ್ವಿನ್ ಬಲ್ಬ್ ಹಾಕಿಸಿದೆ. ಈಗ ಮಧ್ಯಾಹ್ನ ಅಲ್ಲೇ ಪೇಪರ್ ಓದ್ತಾರೆ. ಬಣ್ಣದಿಂದಲಾ ಬಲ್ಬಿಂದಲಾ ಅಂತ ಬೇರೆ ಮಾಡಿ ಹೇಳ್ಲಿಕ್ಕೆ ನನಗಾಗುದಿಲ್ಲ. ಬೇಜಾರು ವಾರಗಟ್ಟಲೆ ಬಿಡದಿದ್ರೆ ಡಾಕ್ಟ್ರ ಹತ್ರ ಹೋಗ್ಲೇಬೇಕು, ಅದಕ್ಕೆಲ್ಲ ಗೋಡೆ ಬಣ್ಣ ಸಾಲುದಿಲ್ಲ.

ಹಾಗಾಗಿ ದಯವಿಟ್ಟು ಸ್ಯಾಂಪಲ್ ಡಬ್ಬ ತಗೊಳ್ಳಿ. ಕಿಟಕಿ ಪಕ್ಕದ ಗೋಡೆಗೂ ಅದರ ಎದುರಿನದ್ದಕ್ಕೂ ಎರಡೆರಡು ಅಡಿ ಜಾಗದಲ್ಲಿ ಎರಡು ಕೋಟ್ ಹೊಡೆಸಿ, ಬೆಳಿಗ್ಗೆ ನೋಡಿ, ಮೋಡ ಕವಿದಾಗ ನೋಡಿ, ರಾತ್ರಿ ನೀವು ಹಾಕುವ ಲೈಟೇ ಹಾಕಿ ನೋಡಿ. ಆ ರೂಮಲ್ಲಿ ಇರುವವರನ್ನೇ ಕರ್ಕೊಂಡು ಬಂದು ತೋರಿಸಿ. ಗಲ್ಫಲ್ಲಿ ಕೂತು ವಿಡಿಯೋ ಕಾಲಲ್ಲಿ ಓಕೆ ಮಾಡಿದ ಬಣ್ಣಕ್ಕೆ ನಾನು ಗ್ಯಾರಂಟಿ ಕೊಡುದಿಲ್ಲ.