ಉಪ್ಪಾಗೆ ಸಿಪ್ಪೆಯಿಂದ ಹೊಟ್ಟೆ ಕರಗುತ್ತಾ?

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆ ಹೋದರೆ ಕೆಲವು ಮನೆಗಳ ಹಿತ್ತಲಿನಿಂದ ಹಗಲೂ ರಾತ್ರಿ ಹೊಗೆ ಏಳುತ್ತಿರುತ್ತದೆ. ಅದು ಉಪ್ಪಾಗೆ ಒಣಗಿಸುವ ಹೊಗೆ. ಬೆಟ್ಟದಿಂದ ಆರಿಸಿ ತಂದ ಹಣ್ಣು ನೋಡಲು ಪುಟ್ಟ ಕುಂಬಳಕಾಯಿಯ ಹಾಗಿರುತ್ತದೆ, ಮೈತುಂಬ ಗೆರೆ. ಬೀಜ ಬಿಡಿಸಿ, ಸಿಪ್ಪೆಯನ್ನು ಬೆಂಕಿಯ ಮೇಲೆ ಹರವಿ ಒಣಗಿಸುತ್ತಾರೆ. ಬಿಸಿಲೇ ಇಲ್ಲದ ಕಾಲ ನೋಡಿ, ಬೇರೆ ದಾರಿ ಇಲ್ಲ. ಹಳದಿ ಸಿಪ್ಪೆ ಕಪ್ಪಾಗಿ, ತೊಗಲಿನ ಹಾಗೆ ಗಟ್ಟಿಯಾಗುತ್ತದೆ. ಒಂದು ಚೂರು ಬಾಯಿಗೆ ಹಾಕಿಕೊಂಡರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿ. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಮನೆಗೆ, ಸಿಪ್ಪೆ ವ್ಯಾಪಾರಿಗೆ.

ಹೋದ ತಿಂಗಳು ಅಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಕೈಗೆ ಕೊಟ್ಟಳು. "ನೀನು ವಿಜ್ಞಾನ ಅಂತ ಬರೀತಿರ್ತೀಯಲ್ಲ, ಇದು ನಿಜವಾ ಹೇಳು" ಅಂದಳು. ಒಳಗೆ ಅರವತ್ತು ಕ್ಯಾಪ್ಸೂಲ್. ಮೇಲೆ ಹಸಿರು ಎಲೆಯ ಚಿತ್ರ, ತೆಳ್ಳಗಿನ ಸೊಂಟ, ಅದನ್ನು ಸುತ್ತಿದ ಅಳತೆ ಟೇಪು. ಹಿಂದೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿದೆ. ಗಾರ್ಸೀನಿಯಾ ಕಂಬೋಜಿಯಾ ಸಾರ, 60% ಎಚ್‌ಸಿಎ. ಗಾರ್ಸೀನಿಯಾ ಕಂಬೋಜಿಯಾ ಅಂದರೆ ಬೇರೇನೂ ಅಲ್ಲ, ನಮ್ಮ ಉಪ್ಪಾಗೆ. ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿ. ಕೊಡಗಿನಲ್ಲಿ ಪಂದಿ ಕರಿಗೆ ಕಪ್ಪು ಬಣ್ಣ, ಹುಳಿ ಕೊಡುವ ಕಾಚಂಪುಳಿ. ಇಷ್ಟೆಲ್ಲ ಊಟದ ರುಚಿ ಹೆಚ್ಚಿಸಿ, ಇನ್ನೊಂದು ತುತ್ತು ಜಾಸ್ತಿ ಉಣ್ಣುವ ಹಾಗೆ ಮಾಡಿದ ಹಣ್ಣು ಸಣ್ಣಗಾಗುವ ಮಾತ್ರೆಯಾದದ್ದು ಹೇಗೆ? ಇದರ ಕಥೆ ಶುರುವಾಗುವುದು ಮೈಸೂರಿನಲ್ಲಿ.

ಹುಣಸೆಹಣ್ಣಿನ ಹುಳಿ ಟಾರ್ಟಾರಿಕ್ ಆಮ್ಲದ್ದು, ನಿಂಬೆಯದು ಸಿಟ್ರಿಕ್ ಆಮ್ಲದ್ದು. ಉಪ್ಪಾಗೆಯ ಹುಳಿಯೂ ಇವೆರಡರಿಂದಲೇ ಬಂದದ್ದು ಎಂದು ಮೊದಲು ತಿಳಿದಿದ್ದರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದ್ದ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಅದು ತಪ್ಪೆಂದು ತೋರಿಸಿದರು. ಉಪ್ಪಾಗೆಯ ಮುಖ್ಯ ಆಮ್ಲ ಬೇರೆಯೇ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಸಿಟ್ರಿಕ್ ಆಮ್ಲದ ಅಣುವಿಗೆ ಒಂದು ಆಮ್ಲಜನಕ ಹೆಚ್ಚಿಗೆ ಅಂಟಿಕೊಂಡ ಹಾಗೆ ಅದರ ರೂಪ. ಎಚ್‌ಸಿಎ ಅಂದರೆ ಇದೇ. ಅಲ್ಲಿ ಯಾರೂ ಹೊಟ್ಟೆ ಕರಗಿಸಲು ಹೊರಟಿರಲಿಲ್ಲ. ಒಂದು ಹಣ್ಣಿನ ಹುಳಿ ಯಾವುದೆಂದು ಸರಿಯಾಗಿ ತಿಳಿಯಬೇಕಿತ್ತು, ಅಷ್ಟೇ. ನನಗೆ ಈ ಕೆಲಸದ ಮೇಲೆ ತುಂಬ ಗೌರವ.

ನಾಲ್ಕು ವರ್ಷದ ನಂತರ, 1969ರಲ್ಲಿ, ಅಮೆರಿಕದ ವಿಜ್ಞಾನಿಗಳು ಈ ಆಮ್ಲ ನಮ್ಮ ಜೀವಕೋಶದ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ಕಂಡುಕೊಂಡರು. ನಾವು ಬೇಕಾದ್ದಕ್ಕಿಂತ ಜಾಸ್ತಿ ಅನ್ನವನ್ನೋ ಸಕ್ಕರೆಯನ್ನೋ ತಿಂದಾಗ, ಮಿಕ್ಕದ್ದರಲ್ಲಿ ಒಂದು ಪಾಲು ಜೀವಕೋಶದೊಳಗೆ ಸಿಟ್ರೇಟ್ ಆಗುತ್ತದೆ. ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಆ ಸಿಟ್ರೇಟನ್ನು ಕತ್ತರಿಸುತ್ತದೆ. ಕತ್ತರಿಸಿದ ತುಂಡುಗಳಿಂದ ಕೊಬ್ಬು ತಯಾರಾಗುತ್ತದೆ. ಎಚ್‌ಸಿಎ ನೋಡಲು ಸಿಟ್ರೇಟಿನ ಹಾಗೇ ಇರುವುದರಿಂದ ಆ ಕಿಣ್ವದಲ್ಲಿ ಹೋಗಿ ಕೂರುತ್ತದೆ. ಬೀಗದೊಳಗೆ ಬೇರೆ ಕೀಲಿ ಸಿಕ್ಕಿಕೊಂಡ ಹಾಗೆ ಕೆಲಸ ನಿಂತುಹೋಗುತ್ತದೆ. 1970ರ ದಶಕದಲ್ಲಿ ಇದನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಕಡಿಮೆ ತಿಂದವು, ಅವುಗಳ ಮೈಯಲ್ಲಿ ಕೊಬ್ಬು ಕಡಿಮೆ ಸೇರಿತು.

ಇಲ್ಲಿಯವರೆಗೆ ಎಲ್ಲವೂ ನಿಜ. ಡಬ್ಬಿಯ ಮೇಲಿನ ಮಾತಿಗೆ ಬಲ ಬರುವುದು ಈ ನಿಜದಿಂದಲೇ.

ಆದರೆ ಇಲಿ ಬೇರೆ, ನಾವು ಬೇರೆ. ಹಿಟ್ಟು ಸಕ್ಕರೆಗಳಿಂದ ಹೊಸದಾಗಿ ಕೊಬ್ಬು ತಯಾರಿಸುವ ಕೆಲಸ ಇಲಿಯ ಮೈಯಲ್ಲಿ ಜೋರಾಗಿ ನಡೆಯುತ್ತದೆ. ಮನುಷ್ಯರಲ್ಲಿ ಅದು ಸಣ್ಣ ಪ್ರಮಾಣದ್ದು. ನಮ್ಮ ಮೈಮೇಲೆ ಕೂರುವ ಕೊಬ್ಬಿನಲ್ಲಿ ಹೆಚ್ಚಿನದು ಊಟದ ಎಣ್ಣೆ, ತುಪ್ಪ, ಕಾಯಿಯಿಂದ ನೇರವಾಗಿ ಬಂದದ್ದು. ಅನ್ನ ಜಾಸ್ತಿ ತಿಂದರೆ ದೇಹ ಮೊದಲು ಅನ್ನವನ್ನು ಉರಿಸುತ್ತದೆ, ಜೊತೆಗೆ ಬಂದ ಎಣ್ಣೆಯನ್ನು ಎತ್ತಿಡುತ್ತದೆ. ಅಂದಮೇಲೆ ಆ ಒಂದು ಕಿಣ್ವಕ್ಕೆ ತಡೆ ಹಾಕಿ ಏನು ಬಂತು? ದನ ಹೆದ್ದಾರಿಯಲ್ಲೇ ತೋಟಕ್ಕೆ ನುಗ್ಗುತ್ತಿರುವಾಗ ಹಿಂದಿನ ಕಾಲುದಾರಿಗೆ ಬೇಲಿ ಕಟ್ಟಿದ ಹಾಗಾಯಿತು.

ಇದು ಬರೀ ಲೆಕ್ಕಾಚಾರವಲ್ಲ, ಜನರಿಗೆ ಕೊಟ್ಟು ನೋಡಿದ್ದೂ ಆಗಿದೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. 135 ಜನ, 12 ವಾರ. ಅರ್ಧದಷ್ಟು ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ನೋಡಲು ಅದೇ ರೀತಿ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಎಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಎಲ್ಲರಿಗೂ ದಿನಕ್ಕೆ ಸುಮಾರು 1200 ಕ್ಯಾಲೊರಿಯ, ನಾರು ಹೆಚ್ಚಿರುವ ಊಟ. ಕೊನೆಗೆ ಉಪ್ಪಾಗೆ ಸಾರ ತಿಂದವರು ಸರಾಸರಿ 3.2 ಕಿಲೊ ಇಳಿದಿದ್ದರು. ಖಾಲಿ ಮಾತ್ರೆ ತಿಂದವರು 4.1 ಕಿಲೊ. ಎರಡು ಗುಂಪಿನ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಇರಲಿಲ್ಲ.

ಆ 3.2 ಕಿಲೊ ಇಳಿದವರ ಜಾಗದಲ್ಲಿ ನಿಂತು ಸ್ವಲ್ಪ ಯೋಚಿಸಿ. ಖಾಲಿ ಮಾತ್ರೆಯ ಗುಂಪು ಇಲ್ಲದೇ ಹೋಗಿದ್ದರೆ ಅವರೆಲ್ಲ "ಮಾತ್ರೆ ತಗೊಂಡೆ, ಮೂರು ತಿಂಗಳಲ್ಲಿ ಮೂರು ಕಿಲೊ ಇಳಿದೆ" ಎಂದು ಊರಿಗೆಲ್ಲ ಹೇಳುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ. ಇಳಿದದ್ದು ನಿಜ, ಮಾತ್ರೆ ತಿಂದದ್ದೂ ನಿಜ. ಒಂದರಿಂದ ಇನ್ನೊಂದು ಆಯಿತು ಎನ್ನುವುದು ಮಾತ್ರ ತಪ್ಪು. ಅಕ್ಕನ ಡಬ್ಬಿಯ ಮೇಲೂ "ಮಿತ ಆಹಾರ ಮತ್ತು ವ್ಯಾಯಾಮದ ಜೊತೆ ಬಳಸಿ" ಎಂದು ಬರೆದಿದೆ. ಅದನ್ನು ಓದಿದಾಗ ನನಗೆ ಬೇಜಾರಾಯಿತು. ಸಂಜೆ ಹೊತ್ತು ನಡೆದು, ರಾತ್ರಿ ಒಂದು ಸೌಟು ಅನ್ನ ಕಡಿಮೆ ಮಾಡಿ, ಕಷ್ಟಪಡುವುದು ನನ್ನ ಅಕ್ಕ. ಹೆಸರು ಹೋಗುವುದು ಡಬ್ಬಿಗೆ.

ಇಂಥ ಬೇರೆ ಬೇರೆ ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಲೆಕ್ಕ ಹಾಕಿದಾಗ ಉಪ್ಪಾಗೆ ಸಾರ ತಿಂದವರು ಖಾಲಿ ಮಾತ್ರೆಯವರಿಗಿಂತ 0.88 ಕಿಲೊ ಹೆಚ್ಚು ಇಳಿದಿದ್ದರು. ಅದರಲ್ಲೂ ಕಟ್ಟುನಿಟ್ಟಾಗಿ ಮಾಡಿದ ಪ್ರಯೋಗಗಳನ್ನಷ್ಟೇ ನೋಡಿದರೆ ಆ ವ್ಯತ್ಯಾಸವೂ ಉಳಿಯಲಿಲ್ಲ. ಬೆಳಿಗ್ಗೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ ತೂಕ ನೋಡಿಕೊಂಡರೆ ಒಂದು ಕಿಲೊ ಆಚೀಚೆ ಆಗುವುದುಂಟು.

ಕಾಫಿಯ ಕಥೆಯೂ ನಮಗೆ ಹತ್ತಿರದ್ದೇ. ಹುರಿಯದ ಹಸಿರು ಕಾಫಿ ಬೀಜದ ಸಾರ ತಿಂದರೆ ಸುಲಭವಾಗಿ ತೂಕ ಇಳಿಯುತ್ತದೆ ಎಂದು 2012ರಲ್ಲಿ ಒಂದು ಪ್ರಬಂಧ ಬಂತು. 22 ವಾರದಲ್ಲಿ ಸುಮಾರು 8 ಕಿಲೊ! ಅಮೆರಿಕದ ಟಿವಿಯಲ್ಲಿ ಅದಕ್ಕೆ ದೊಡ್ಡ ಪ್ರಚಾರ ಸಿಕ್ಕಿತು, ಡಬ್ಬಿಗಳು ರಾಶಿ ರಾಶಿ ಮಾರಾಟವಾದವು. ಪ್ರಯೋಗ ನಡೆದದ್ದು ಭಾರತದಲ್ಲಿ, ಬರೀ 16 ಜನರ ಮೇಲೆ. ಜನರ ತೂಕದ ಅಂಕಿಗಳನ್ನೇ ಮತ್ತೆ ಮತ್ತೆ ತಿದ್ದಲಾಗಿದೆ, ಯಾರಿಗೆ ಖಾಲಿ ಮಾತ್ರೆ ಕೊಟ್ಟದ್ದು ಎಂಬುದನ್ನೂ ಬದಲಿಸಲಾಗಿದೆ ಎಂದು ಅಮೆರಿಕದ ವ್ಯಾಪಾರ ಆಯೋಗ 2014ರಲ್ಲಿ ಆರೋಪಿಸಿತು. ಪ್ರಯೋಗಕ್ಕೆ ಹಣ ಹಾಕಿದ್ದ ಕಂಪನಿ 35 ಲಕ್ಷ ಡಾಲರ್ ಕೊಡಲು ಒಪ್ಪಿತು. ಅದೇ ವರ್ಷ ಪ್ರಬಂಧ ವಾಪಸಾಯಿತು. ಹಸಿರು ಕಾಫಿಯ ಡಬ್ಬಿ ಮಾತ್ರ ಇನ್ನೂ ಅಂಗಡಿಯಲ್ಲಿದೆ.

ಹಾಗಾದರೆ ಚೀಟಿ ಇಲ್ಲದೆ ಸಿಗುವ ಯಾವ ಮಾತ್ರೆಯೂ ಕೆಲಸ ಮಾಡುವುದಿಲ್ಲವಾ? ಒಂದು ಮಾಡುತ್ತದೆ, ಸ್ವಲ್ಪ ಮಟ್ಟಿಗೆ. ಆರ್ಲಿಸ್ಟಾಟ್. ಇದರ 60 ಮಿಲಿಗ್ರಾಂ ಮಾತ್ರೆ ಅಮೆರಿಕದಲ್ಲಿ 2007ರಿಂದ ವೈದ್ಯರ ಚೀಟಿ ಇಲ್ಲದೆ ಸಿಗುತ್ತದೆ. ಕರುಳಿನಲ್ಲಿ ಕೊಬ್ಬನ್ನು ಒಡೆಯುವ ಕಿಣ್ವವನ್ನು ಇದು ತಡೆಯುತ್ತದೆ. ಊಟದಲ್ಲಿನ ಕೊಬ್ಬಿನ ಸುಮಾರು ಕಾಲು ಭಾಗ ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ 60 ಗ್ರಾಂ ಕೊಬ್ಬು ತಿನ್ನುವವರಿಗೆ 15 ಗ್ರಾಂ ತಪ್ಪುತ್ತದೆ. ಗ್ರಾಮಿಗೆ 9 ಕ್ಯಾಲೊರಿಯಂತೆ 135 ಕ್ಯಾಲೊರಿ. ಒಂದು ಮಸಾಲೆ ದೋಸೆಯಷ್ಟೂ ಆಗಲಿಲ್ಲ. ಅನ್ನ, ಮುದ್ದೆ, ಚಪಾತಿ, ಸಕ್ಕರೆಯ ತಂಟೆಗೆ ಈ ಮಾತ್ರೆ ಹೋಗುವುದೇ ಇಲ್ಲ. ನಮ್ಮಲ್ಲಿ ತುಂಬ ಜನರ ತಟ್ಟೆ ತುಂಬುವುದೇ ಅವುಗಳಿಂದ. ಇದರ ಎರಡರಷ್ಟು ಪ್ರಮಾಣದ ಮಾತ್ರೆ ಕೊಟ್ಟು ಸ್ವೀಡನ್ನಿನಲ್ಲಿ 3,305 ಜನರನ್ನು ನಾಲ್ಕು ವರ್ಷ ಗಮನಿಸಿದರು. ಮಾತ್ರೆಯವರು 5.8 ಕಿಲೊ ಇಳಿದರು, ಖಾಲಿ ಮಾತ್ರೆಯವರು 3 ಕಿಲೊ. ನಾಲ್ಕು ವರ್ಷಕ್ಕೆ ಸುಮಾರು ಮೂರು ಕಿಲೊ ಲಾಭ. ಜಿಡ್ಡು ಜಾಸ್ತಿ ತಿಂದ ದಿನ ಎಣ್ಣೆಯಂಥ ಭೇದಿ, ತಡೆಯಲಾಗದ ಅವಸರ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳೂ ಅದರ ಜೊತೆ ಹೋಗಿಬಿಡುವುದರಿಂದ ಅವನ್ನು ಬೇರೆ ಹೊತ್ತಿನಲ್ಲಿ ನುಂಗಬೇಕು. ಇಷ್ಟೆಲ್ಲ ತಿಳಿದ ಮೇಲೂ, ವೈದ್ಯರ ಸಲಹೆ ಪಡೆದು ತೆಗೆದುಕೊಳ್ಳುವವರನ್ನು ನಾನು ಬೇಡ ಎನ್ನುವುದಿಲ್ಲ.

ಭೇದಿ ಮಾಡಿಸುವ ಸೋನಾಮುಖಿ ಬೆರೆಸಿದ ಚಹಾ, ಪುಡಿಗಳದ್ದು ಇನ್ನೂ ಸರಳ. ಸೋನಾಮುಖಿ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಊಟದ ಸಾರವೆಲ್ಲ ಅಷ್ಟರಲ್ಲಿ ಸಣ್ಣ ಕರುಳಿನಲ್ಲೇ ರಕ್ತಕ್ಕೆ ಸೇರಿಯಾಗಿರುತ್ತದೆ. ಇಳಿದಂತೆ ಕಾಣುವ ತೂಕ ನೀರಿನದು. ನೀರು ಕುಡಿದರೆ ವಾಪಸ್ ಬರುತ್ತದೆ.

ಕೆಲಸ ಮಾಡದ ಮಾತ್ರೆಗೆ ದುಡ್ಡು ಹೋಯಿತು ಎನ್ನುವುದಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಭಯವಿರುವುದು ನಿಜವಾಗಿಯೂ ಕೆಲಸ ಮಾಡಿದಂತೆ ಕಾಣುವ ಡಬ್ಬಿಗಳ ಬಗ್ಗೆ. ಸಿಬುಟ್ರಮಿನ್ ಎಂಬ ಔಷಧ ಹಿಂದೆ ಹಸಿವು ಕಡಿಮೆ ಮಾಡಲು ಬಳಕೆಯಲ್ಲಿತ್ತು. ಹೃದಯದ ತೊಂದರೆ ಇದ್ದವರಲ್ಲಿ ಅದು ಹೃದಯಾಘಾತ, ಪಾರ್ಶ್ವವಾಯುಗಳನ್ನು ಹೆಚ್ಚಿಸುತ್ತದೆ ಎಂದು ಗೊತ್ತಾದ ಮೇಲೆ 2010ರಲ್ಲಿ ಯುರೋಪ್, ಅಮೆರಿಕ ಅದನ್ನು ಮಾರುಕಟ್ಟೆಯಿಂದ ತೆಗೆದವು. 2011ರಲ್ಲಿ ಭಾರತವೂ ನಿಷೇಧಿಸಿತು. ಔಷಧದ ಅಂಗಡಿಯಿಂದ ಹೋದದ್ದು "ನೂರಕ್ಕೆ ನೂರು ನೈಸರ್ಗಿಕ" ಎಂಬ ಡಬ್ಬಿಯೊಳಗೆ ಕಳ್ಳತನದಿಂದ ಸೇರಿಕೊಂಡಿತು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಿಂದ 2016ರವರೆಗೆ ಕಲಬೆರಕೆ ಇದೆ ಎಂದು ಹೆಸರಿಸಿದ ತೂಕ ಇಳಿಸುವ ಪದಾರ್ಥಗಳು 317. ಅವುಗಳಲ್ಲಿ ನೂರಕ್ಕೆ 85ರಷ್ಟರಲ್ಲಿ ಇದ್ದದ್ದು ಇದೇ ಸಿಬುಟ್ರಮಿನ್. ಲೇಬಲ್ಲಿನಲ್ಲಿ ಅದರ ಹೆಸರಿರುವುದಿಲ್ಲ, ಮನೆಯಲ್ಲಿ ಪರೀಕ್ಷಿಸಲು ದಾರಿಯೂ ಇಲ್ಲ. ಗಿಡಮೂಲಿಕೆ ಎಂದು ತಂದ ಮಾತ್ರೆ ತಿಂದು ಹಸಿವೇ ಸತ್ತುಹೋದರೆ, ಎದೆ ಡಬಡಬ ಹೊಡೆದುಕೊಂಡರೆ, ರಾತ್ರಿ ನಿದ್ದೆ ಬಾರದಿದ್ದರೆ ಸಂಶಯಪಡಲೇಬೇಕು.

ಉಪ್ಪಾಗೆಯ ಮಾತ್ರೆಯೂ ಪೂರ್ತಿ ನಿರಪಾಯ ಅಲ್ಲ. ಈ ಸಾರ ತಿಂದವರಲ್ಲಿ ಕೆಲವರಿಗೆ ಯಕೃತ್ತು ಊದಿಕೊಂಡ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ಇಂಥ ಮಾತ್ರೆ ತಿನ್ನಬೇಡಿ ಎಂದು ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2025ರಲ್ಲಿ ಹೇಳಿತು. "ನಮ್ಮಜ್ಜಿ ಕಾಲದಿಂದ ಉಪ್ಪಾಗೆ ತಿನ್ನುತ್ತಿದ್ದೇವೆ, ಏನಾಗಿದೆ?" ಎಂದು ಮಲೆನಾಡಿನವರು ಕೇಳಬಹುದು. ಸರಿಯಾದ ಪ್ರಶ್ನೆ. ಸಾರಿಗೆ ಹಾಕುವುದು ಒಂದೆರಡು ಚೂರು, ಅದನ್ನು ಉಣ್ಣುವುದು ಮನೆಮಂದಿಯೆಲ್ಲ ಸೇರಿ. ಕ್ಯಾಪ್ಸೂಲಿನಲ್ಲಿರುವುದು ಅದರ ಒಂದೇ ಆಮ್ಲವನ್ನು ಹಿಂಡಿ ಗಟ್ಟಿ ಮಾಡಿದ ಸಾರ. ದಿನಕ್ಕೆ ಮೂರು ಹೊತ್ತಿನ ಹಾಗೆ ತಿಂಗಳುಗಟ್ಟಲೆ ನುಂಗುವುದನ್ನು ಸಾರು ಉಣ್ಣುವುದಕ್ಕೆ ಹೋಲಿಸಲಾಗದು. ಮಾತ್ರೆ ತಿನ್ನುವ ಎಲ್ಲರಿಗೂ ಹೀಗಾಗುವುದಿಲ್ಲ, ಆಗುವುದು ಕೆಲವರಿಗೆ. ಆ ಕೆಲವರಲ್ಲಿ ನಾವಿದ್ದೇವಾ ಎಂದು ಮೊದಲೇ ತಿಳಿಯುವ ಸುಲಭದ ದಾರಿ ಇಲ್ಲ.

ಅಕ್ಕ ಡಬ್ಬಿಯ ಮೇಲಿದ್ದ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಸಂಖ್ಯೆ ತೋರಿಸಿ, "ಸರ್ಕಾರದ್ದು ಇದೆಯಲ್ಲ" ಅಂದಳು. ಅದು ಆಹಾರ ತಯಾರಿಸಿ ಮಾರಲು ಕೊಟ್ಟ ಪರವಾನಗಿ. ಉಪ್ಪಿನಕಾಯಿ ಬಾಟಲಿಯ ಮೇಲೂ ಇರುತ್ತದೆ. ತೂಕ ಇಳಿಯುತ್ತದೆ ಎಂದು ಯಾರೋ ಪರೀಕ್ಷೆ ಮಾಡಿ ಒತ್ತಿದ ಮುದ್ರೆ ಅಲ್ಲ. ಬೊಜ್ಜು ಕರಗಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು ನಮ್ಮ 1954ರ ಕಾಯ್ದೆಯೇ ತಡೆಯುತ್ತದೆ. ಆ ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜಿನ ಹೆಸರಿದೆ. ಹಾಗಿದ್ದೂ ಮೊಬೈಲ್ ತೆರೆದರೆ ಏನು ಕಾಣುತ್ತದೆ ಎಂದು ನಿಮಗೇ ಗೊತ್ತು.

ನನ್ನ ಉತ್ತರ ಕೇಳಿ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಎರಡು ವರ್ಷದಲ್ಲಿ ಒಂಬತ್ತು ಕಿಲೊ ಏರಿದೀನಿ ಕಣೋ. ಮೊದಲಿಗಿಂತ ಜಾಸ್ತಿ ಏನೂ ತಿಂತಿಲ್ಲ. ಯಾರಿಗೆ ಹೇಳಿದರೂ ಬಾಯಿ ಕಟ್ಟು ಅಂತಾರೆ" ಅಂದಳು. ಮೊದಲು ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಮಾತ್ರೆ ಯಾವುದು ಎನ್ನುವುದಕ್ಕಿಂತ ಮೊದಲು, ತೂಕ ಏಕೆ ಏರಿತು? ಥೈರಾಯ್ಡ್ ಕೆಲಸ ಕಡಿಮೆಯಾದರೆ ತೂಕ ಏರಬಹುದು. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮಾನಸಿಕ ಕಾಯಿಲೆಯ ಔಷಧಗಳಿಂದಲೂ ಏರುತ್ತದೆ. ನಿದ್ದೆಗೆಟ್ಟರೂ ಏರಬಹುದು. ಇದನ್ನೆಲ್ಲ ನೋಡಿದ ಮೇಲೆ ಔಷಧ ಬೇಕೇ ಬೇಕು ಎನಿಸಿದರೆ, ಈಗ ಸೆಮಾಗ್ಲುಟೈಡ್‌ನಂಥವು ಇವೆ. 1,961 ಜನರ ಪ್ರಯೋಗದಲ್ಲಿ ಅದು 68 ವಾರದಲ್ಲಿ ತೂಕವನ್ನು ಸರಾಸರಿ ನೂರಕ್ಕೆ 15ರಷ್ಟು ಇಳಿಸಿತು. ಅದಕ್ಕೂ ತೊಂದರೆಗಳಿವೆ, ಬೆಲೆಯೂ ಇದೆ. ಅದಕ್ಕೇ ಅದು ವೈದ್ಯರ ಚೀಟಿಯ ಮೇಲೆ, ಅವರ ಕಣ್ಗಾವಲಿನಲ್ಲಿ ತೆಗೆದುಕೊಳ್ಳಬೇಕಾದ್ದು.

ಅಕ್ಕ ಆಗಲೇ ಹನ್ನೊಂದು ಮಾತ್ರೆ ನುಂಗಿದ್ದಳು. ಕಣ್ಣು ಹಳದಿಯಾಗುವುದು, ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು, ಮೈಯೆಲ್ಲ ತುರಿಕೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ವಾಕರಿಕೆ ಏನಾದರೂ ಇದೆಯಾ ಎಂದು ಒಂದೊಂದಾಗಿ ಕೇಳಿದೆ. ಯಾವುದೂ ಇರಲಿಲ್ಲ. ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಲು ಹೊರಟವಳನ್ನು ತಡೆದೆ. ಏನು ತಿಂದಿದ್ದೀರಿ ಎಂದು ವೈದ್ಯರು ಕೇಳಿದಾಗ ಹೆಸರು ನೆನಪಾಗುವುದಿಲ್ಲ, ಸಣ್ಣ ಅಕ್ಷರದ ಪಟ್ಟಿಯಂತೂ ನೆನಪಿರುವುದೇ ಇಲ್ಲ. ಸೋಮವಾರ ಬೆಳಿಗ್ಗೆ ಥೈರಾಯ್ಡ್ ಪರೀಕ್ಷೆಗೆ ಹೋಗುವಾಗ ಉಳಿದ ನಲವತ್ತೊಂಬತ್ತು ಕ್ಯಾಪ್ಸೂಲ್ ಸಮೇತ ಅದನ್ನು ತನ್ನ ಚೀಲದಲ್ಲಿ ಹಾಕಿಕೊಂಡು ಹೋದಳು.